ಡೆಕ್ಕೆ ಅಂದರೆ ಹೊದಿಕೆ

"ಒಬ್ಬ ಮನುಷ್ಯನಿಗೆ ಎಷ್ಟು ಹೊದಿಕೆ ಬೇಕು ರೀ? ಇದು ಮೂರನೇದು," ಎಂದಳು ಹೆಂಡತಿ, ಬೀರುವಿನ ಬಾಗಿಲು ಬಿಡದೆ.

"ಅವ್ರು ಕೇಳಿದ್ದು ಡೆಕ್ಕೆ. ಡೆಕ್ಕೆ ಅಂದ್ರೆ ಹೊದಿಕೆ. ಸುಮ್ನೆ ಕೊಡು."

ಗಂಡಹೆಂಡಿರು ನಡೆಸುತ್ತಿದ್ದ ಆ ಪುಟ್ಟ ಲಾಡ್ಜಿಗೆ ಮೊದಲ ಸಲ ಒಬ್ಬ ಜರ್ಮನ್ ಅತಿಥಿ ಬಂದಿಳಿದಿದ್ದ. ತನ್ನ ಭಾಷೆ ಬಿಟ್ಟು ಇನ್ನೊಂದು ಬಾರದವನು. ಅವನಿಗೆ ಹಿಡಿಸಿದರೆ ಅವನ ಕಂಪನಿಯ ತಂಡವೇ ಹಿಂದೆ ಬರುವುದಿತ್ತು. ಅದಕ್ಕೇ ಗಂಡ ಜರ್ಮನ್ ಕಲಿಸುವ ಪುಸ್ತಕ ತಂದು ಓದತೊಡಗಿದ್ದ. ಕಲಿಕೆ 'ಮಲಗುವ ಕೋಣೆ' ಎಂಬ ಪಾಠದವರೆಗೆ ಬಂದು ಅಲ್ಲೇ ಮಲಗಿಬಿಟ್ಟಿತ್ತು.

"ಬರೀ ಡೆಕ್ಕೆ ಅನ್ನೋ ಹಾಗಿಲ್ಲ. ಡೀ ಡೆಕ್ಕೆ ಅನ್ಬೇಕು. ಅದು ಹೆಣ್ಣು," ಎಂದ.

"ಹೊದಿಕೆ ಹೆಣ್ಣಾ?"

"ಹೂಂ. ಮಂಚ ನಪುಂಸಕ."

"ಮತ್ತೆ ಗಂಡು?"

"ಕುರ್ಚಿ."

ಪುಸ್ತಕ ಹಿಡಿದು ಕುರ್ಚಿಗೆ ಅಂಟಿಕೊಂಡಿದ್ದ ಗಂಡನನ್ನು ಅವಳು ಮೇಲಿಂದ ಕೆಳಗೆ ನೋಡಿದಳು. "ಸರಿಯಾಗೇ ಇದೆ. ಇಟ್ಟ ಜಾಗ ಬಿಟ್ಟು ಅಲ್ಲಾಡಲ್ಲ."

ಅಷ್ಟರಲ್ಲಿ ಅತಿಥಿಯ ಕೋಣೆಯಿಂದ ಮತ್ತೆ ಫೋನು ಬಂತು. ಈ ಸಲ ಗಂಡ ನಿಧಾನವಾಗಿ ಹೇಳಿಸಿಕೊಂಡ. ಡೀ ಡೆಕ್ಕೆ ಇಸ್ಟ್ ನಾಸ್. ಪುಸ್ತಕ ತಿರುವಿ ಹಾಕಿದರೆ, ನಾಸ್ ಅಂದರೆ ಒದ್ದೆ.

"ಹೊದಿಕೆ ಒದ್ದೆಯಾಗಿದೆಯಂತೆ."

ಎರಡನ್ನೂ ತಾನೇ ಒಣಗಿಸಿ ಮಡಚಿಟ್ಟಿದ್ದಾಗಿ ಅವಳು ವಾದಿಸಿದಳು. ಆಮೇಲೆ ಏನೋ ಹೊಳೆದವಳಂತೆ ದನಿ ತಗ್ಗಿಸಿದಳು. "ಫೋನ್ ಇಡೋವಾಗ ಬಿಟ್ಟೆ, ಬಿಟ್ಟೆ ಅಂದ್ರಲ್ಲ. ನನಗೂ ಕೇಳಿಸ್ತು. ಪಾಪ, ನಿದ್ದೆಗಣ್ಣಲ್ಲಿ ಆಗೋಗಿರ್ಬೇಕು. ಬಾಯ್ಬಿಟ್ಟು ಒಪ್ಕೊಂಡಿದ್ದಾರೆ."

"ಬಿಟ್ಟೆ ಅಂದ್ರೆ ಅವರಲ್ಲಿ ದಯವಿಟ್ಟು ಅಂತ ಕಣೇ," ಎಂದನೇನೋ ಸರಿ, ಆದರೆ ಅವನ ಮುಖದಲ್ಲೂ ಅನುಮಾನ ಸುಳಿಯಿತು. "ಆದ್ರೂ ಎರಡೆರಡು ಸಲಾನಾ?"

"ನೀವು ಕೊಡೋಕೆ ಹೋದಾಗ ಹಾಸಿಗೆ ಹೇಗಿತ್ತು?"

ಅವನು ಒಳಗೆ ಹೋಗಿಯೇ ಇರಲಿಲ್ಲ. ಹೊದಿಕೆಯನ್ನು ಹೊಸ್ತಿಲಲ್ಲಿಟ್ಟು, ಬಾಗಿಲು ತಟ್ಟಿ, ಒಂದೇ ಉಸಿರಿಗೆ ಕೆಳಗಿಳಿದಿದ್ದ. ಅತಿಥಿ ಮಾತಿಗೆ ನಿಂತರೆ ಒಂದೇ ಪದ ಇಟ್ಟುಕೊಂಡು ಎಷ್ಟು ಹೊತ್ತು ಸಂಸಾರ ಮಾಡಲಾದೀತು?

ಅವಳು ಹೊದಿಕೆಯ ಜೊತೆಗೆ ಮೊಮ್ಮಗುವಿನ ಹಾಸಿಗೆಗೆ ಹಾಸುವ ರಬ್ಬರ್ ಹಾಳೆಯನ್ನೂ ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿದಳು. ಗಂಡ ಹಿಂಬಾಲಿಸಿದ.

ಬಾಗಿಲು ತೆರೆದೇ ಇತ್ತು. ಆರಡಿಯ ಅತಿಥಿ ಮಂಚದ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದ. ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊಟ್ಟ ಎರಡು ಹೊದಿಕೆಗಳೂ ನೆಲದ ನೀರು ಕುಡಿದು ತೊಪ್ಪೆಯಾಗಿದ್ದವು. ಅವನು ಮೇಲೆ ಬೆರಳು ತೋರಿಸಿ "ಡೆಕ್ಕೆ" ಎಂದ. ಅವಳ ಕಂಕುಳಿನ ಹೊದಿಕೆ ತೋರಿಸಿ ಮತ್ತೆ "ಡೆಕ್ಕೆ" ಎಂದ. ಸಿಟ್ಟಿರಲಿಲ್ಲ. ದಡ್ಡ ಮಕ್ಕಳಿಗೆ ಪಾಠ ಹೇಳುವ ಮೇಷ್ಟರ ತಾಳ್ಮೆ ಇತ್ತು. ಅವಳು ರಬ್ಬರ್ ಹಾಳೆಯನ್ನು ಸೆರಗಿನೊಳಗೆ ಸೇರಿಸಿದಳು.

"ರೀ, ಚಾವಣೀನೂ ಡೆಕ್ಕೇನಾ?"

"ಅದು ಮುಂದಿನ ಪಾಠದಲ್ಲಿ ಬರುತ್ತೋ ಏನೋ."

"ಇರ್ಲಿ. ಟ್ಯಾಂಕಿಗೆ ನೀರು ಬಿಟ್ಟಿದ್ರಲ್ಲ, ಪಂಪು ನಿಲ್ಲಿಸಿದ್ರಾ?"

ಅವನು ಬಂದ ದಾರಿಯಲ್ಲೇ ಓಡಿದ. ಮಧ್ಯಾಹ್ನ ಪಂಪಿನ ಗುಂಡಿ ಒತ್ತಿ ಪುಸ್ತಕ ತೆರೆದವನು, ಆಮೇಲೆ ಲೋಕವನ್ನೇ ಮರೆತಿದ್ದ.

ಹೆಂಡತಿ ಅತಿಥಿಯ ಪೆಟ್ಟಿಗೆ ಎತ್ತಿಕೊಂಡು, ಕೈಸನ್ನೆ ಮಾಡಿ, ಅವನನ್ನು ಕೆಳಗಿನ ಕೋಣೆಗೆ ಕರೆತಂದಳು. ಜರ್ಮನ್ ಬಾರದ ಅವಳಿಗೆ ಅದು ಯಾವ ತೊಂದರೆಯೂ ಇಲ್ಲದೆ ಆಯಿತು. ಪಂಪು ನಿಲ್ಲಿಸಿದ ಗಂಡ ಮೊಣಕಾಲವರೆಗೆ ನೆನೆದುಕೊಂಡು ಹಿಂದೆಯೇ ಬಂದ.

ಅತಿಥಿ ಬರಿಯ ಹಾಸಿಗೆ ನೋಡಿದ, ಅಂಗೈಗಳನ್ನು ಉಜ್ಜಿಕೊಂಡ, ಸಂಕೋಚದಿಂದ ಹೇಳಿದ. "ಡೆಕ್ಕೆ, ಬಿಟ್ಟೆ."

ಗಂಡ ಸರಕ್ಕನೆ ಸ್ಟೂಲು ಎಳೆದು ಹತ್ತಿ, ಚಾವಣಿಯನ್ನು ಮೂಲೆಯಿಂದ ಮೂಲೆಗೆ ಸವರಿದ. ಒಂದು ಹನಿಯೂ ಕೈಗೆ ಹತ್ತಲಿಲ್ಲ.

"ಇಲ್ಲೆಲ್ಲ ಒಣಗಿದೆಯಲ್ಲೇ, ಮತ್ಯಾಕೆ ಹೀಗಂತಾರೆ?"

ಅತಿಥಿ ಅವನನ್ನು ನೋಡಿದ, ಅವಳನ್ನು ನೋಡಿದ, ಒಮ್ಮೆ ಸೀನಿದ.

ಅವಳು ಹೊದಿಕೆ ಬಿಡಿಸಿ ಅತಿಥಿಯ ಕೈಗಿತ್ತಳು. "ಇಳೀರಿ ಕೆಳಗೆ. ಈ ಸಲ ನಿಮ್ಮ ಪುಸ್ತಕ ಹೇಳಿದ್ದೇ ಸರಿ."