ಗಾರ್ಡಿನೊಳಗಿನ ಲಟ್ಟಣಿಗೆ

‘ಚಿಂವ್.’

ರಾತ್ರಿ ಹನ್ನೊಂದಕ್ಕೆ ಖಾರಪುಡಿ ಯಂತ್ರ ಒಮ್ಮೆ ಹಾಗೆಂದಿತು. ಉಪ್ಪಲ್‌ನ ಆ ಮಸಾಲೆ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಸುಮಂಗಲಾಗೆ ಅಷ್ಟೇ ಸಾಕಾಯಿತು. ಕೂಸು ಮಿಸುಕಿದರೆ ಏಳುವ ಬಾಣಂತಿಯ ಹಾಗೆ ಓಡಿದಳು. ಬೆಲ್ಟು ಸಡಿಲಾಗಿ ಜಾರುತ್ತಿತ್ತು. ಮೋಟಾರನ್ನು ಹಿಂದೆ ಸರಿಸಿ ಬಿಗಿ ಮಾಡೋಣವೆಂದರೆ ಅದರ ಬೆನ್ನು ಆಗಲೇ ಗೋಡೆಗೆ ಹತ್ತಿತ್ತು. ಉಳಿದದ್ದು ಐಡ್ಲರ್ ಪುಲ್ಲಿ ಒಂದೇ. ಡಬ್ಬಿಯಂಥ ಆ ನುಣುಪು ಕಬ್ಬಿಣದ ಗಾಲಿಯನ್ನು ಬೆಲ್ಟಿನ ಸಡಿಲ ಬದಿಗೆ ಹೊರಗಿನಿಂದ ಒತ್ತಿ ಕೂರಿಸಿದರೆ ಬೆಲ್ಟು ತೆಪ್ಪಗಾಗುತ್ತದೆ.

ಬೆಳಗಾದರೆ ಸುರಕ್ಷತೆಯ ಪರೀಕ್ಷಕ ವಾಸುದೇವರಾಯರು ಬರುವವರಿದ್ದರು. ಅವರು ಸರಿ ಎಂದು ಬರೆದರೆ ಸುಮಂಗಲಾಳ ನೌಕರಿ ಪರ್ಮನೆಂಟ್. ಇಲ್ಲವಾದರೆ ಮನೆ.

“ಐಡ್ಲರ್ ಎಲ್ಲೈತಿ, ಬಂಡೆಪ್ಪಣ್ಣ?”

ಉಗ್ರಾಣದ ಬಂಡೆಪ್ಪ ತಲೆ ಕೆರೆದುಕೊಂಡ. “ಅದು ಇತ್ತೇನ್ರಿ, ಮೇಡಮ್ಮಾರ?”

“ರಿಜಿಸ್ಟರಿನಾಗ ಐತಿ.”

“ರಿಜಿಸ್ಟರಿನಾಗ ಎಲ್ಲಾ ಇರ್ತೈತ್ರಿ. ಕಪಾಟಿನಾಗ ಇರೂದಿಲ್ಲ.”

ಒಂದು ಗಂಟೆಗೆ ಚಹಾ ಕುಡಿಯಲು ಕ್ಯಾಂಟೀನಿಗೆ ಹೋದವಳ ಕಣ್ಣಿಗೆ ಲಟ್ಟಣಿಗೆ ಬಿತ್ತು. ಎರಡೂ ತುದಿಯ ಹಿಡಿಕೆ ಹಿಡಿದರೆ ನಡುವಿನ ದಿಂಡು ತಾನೇ ತಿರುಗುವಂಥದ್ದು. ಸುತ್ತ ನೋಡಿ ಸೆರಗಿನೊಳಗೆ ಹಾಕಿಕೊಂಡಳು. ಯಂತ್ರ ನಿಲ್ಲಿಸಿ, ಎರಡು ಕ್ಲಾಂಪು ಹಾಕಿ ಅದನ್ನು ಬೆಲ್ಟಿಗೆ ಒತ್ತಿ ಕೂರಿಸಿದಳು. ಮೇಲೆ ಜಾಳಿಗೆಯ ಗಾರ್ಡು ಮುಚ್ಚಿದಳು. ಸದ್ದು ನಿಂತಿತು. ಕೆಲಸಗಾರರ ಬೆರಳು ಕಾಯುವ ಗಾರ್ಡು ಒಂದು ದಿನ ತನ್ನ ಮಾನವನ್ನೂ ಕಾಯಲಿ ಎಂದುಕೊಂಡಳು.

ಬೆಳಿಗ್ಗೆ ಕ್ಯಾಂಟೀನಿನ ಹಂಪಮ್ಮ ಅಂಗಳಕ್ಕೇ ಬಂದಳು. “ನನ್ನ ಲಟ್ಟಣಿಗಿ ಯಾರ ಒಯ್ದೀರಿ?”

“ಬಂಡೆಪ್ಪನ ಹೇಂತಿ ಒಯ್ದಿರಬೇಕು ನೋಡ ಬೇ,” ಎಂದಳು ಚೀಲ ಹೊಲಿಯುವ ಗದಿಗೆಮ್ಮ. “ಹಿಟ್ಟು ಲಟ್ಟಿಸಾಕಲ್ಲ.”

ಎಲ್ಲರೂ ನಕ್ಕರು. ಸುಮಂಗಲಾ ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚಿಗೆ ನಕ್ಕಳು.

ಹತ್ತಕ್ಕೆ ಬಂದ ವಾಸುದೇವರಾಯರು ಯಂತ್ರಕ್ಕೆ ಕಿವಿಗೊಟ್ಟರು. “ಭಾಳ ಸಮಾಧಾನದಿಂದ ನಡದೈತಿ. ಗಾರ್ಡ್ ತಗೀರಿ, ಒಳಗ ನೋಡೂಣು.”

ಸುಮಂಗಲಾ ಗೋಡೆಯ ಫಲಕ ತೋರಿಸಿದಳು. ಅವಳದೇ ಅಕ್ಷರ: ‘ಯಂತ್ರ ನಡೆಯುವಾಗ ಗಾರ್ಡು ತೆಗೆಯಬಾರದು.’

“ಶಹಬ್ಬಾಸ್,” ಎಂದರು ರಾಯರು. “ನಾಳೆ ಒಂಬತ್ತಕ್ಕ ಯಂತ್ರ ನಿಲ್ಲಿಸಿ ಇಡ್ರಿ, ಆವಾಗ ನೋಡ್ತೀನಿ. ಸಹಿನೂ ಆವಾಗ.”

ಮಧ್ಯಾಹ್ನ ಚಪಾತಿ ಬಂದೇ ಬಂತು. ರಾಯರು ಆರು ತಿಂದರು. “ಕಾಗದದಂಗ ಆಗ್ಯಾವು. ತುಪ್ಪದ ಘಮ ಬ್ಯಾರೆ.” ಸುಮಂಗಲಾಗೂ ಹಾಗೇ ಅನ್ನಿಸಿತ್ತು. ಲಟ್ಟಣಿಗೆಯಿಲ್ಲದೆ ಹಂಪಮ್ಮ ಹೇಗೆ ಮಾಡಿದಳೆಂದು ಅಡುಗೆಮನೆಗೆ ಇಣುಕಿ, ತುಪ್ಪವನ್ನು ಹೊಗಳಿದಳು.

“ತುಪ್ಪ ಎಲ್ಲೀದ್ರಿ,” ಎಂದು ಹಂಪಮ್ಮ ಒಂದು ಕಬ್ಬಿಣದ ಗಾಲಿ ಎತ್ತಿ ತೋರಿಸಿದಳು. ನಡುವೆ ಸಲಾಕೆ ತೂರಿಸಿದ್ದಳು. “ಉಪ್ಪಿನಕಾಯಿ ಭರಣಿ ಮ್ಯಾಲೆ ಭಾರ ಇಡಾಕ ಬಂಡೆಪ್ಪ ಕೊಟ್ಟಿದ್ದ. ಏನ್ ಸರಾಗ ತಿರಗತೈತ್ರಿ ಇದು. ನಡುವಿನಿಂದ ತಾನ ಎಣ್ಣಿ ಬಿಡ್ತೈತಿ.”

ಐಡ್ಲರ್ ಪುಲ್ಲಿ. ತುಪ್ಪವೆಂದುಕೊಂಡದ್ದು ಅದರ ಬೇರಿಂಗಿನ ಗ್ರೀಸು. ತಾನು ತಿಂದದ್ದು ನಾಲ್ಕು, ರಾಯರು ಆರು ಎಂದು ಲೆಕ್ಕ ಹಾಕುತ್ತ ಸುಮಂಗಲಾ ಕೈ ಚಾಚಿದಳು.

“ಅದು ಯಂತ್ರದ್ದು, ಕೊಡ ಹಂಪವ್ವ.”

“ಹಂಗಾದ್ರ ಈಗ ಯಂತ್ರಕ್ಕ ಏನ್ ಹಾಕೀರಿ?”

ಸುಮಂಗಲಾ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು.

“ಲಟ್ಟಣಿಗಿ ಸಿಗೂ ಮಟ ಇದನ್ನ ಕೊಡಂಗಿಲ್ರಿ.”

ಸಂಜೆ ಯಂತ್ರ ನಿಂತ ಮೇಲೆ ಗಾರ್ಡು ಬಿಚ್ಚಿದರೆ ಲಟ್ಟಣಿಗೆಯ ನಡು ಸವೆದು ಡಮರುವಾಗಿತ್ತು. ಸುಲ್ತಾನ್ ಬಜಾರಿಗೆ ಓಡಿ ಅಂಥದ್ದೇ ಇನ್ನೊಂದು ತಂದು ಹಂಪಮ್ಮನ ಕೈಗಿಟ್ಟಳು. “ಕಪಾಟಿನ ಹಿಂದ ಸಿಕ್ತು ನೋಡು.”

ಹಂಪಮ್ಮ ತಿರುಗಿಸಿ ನೋಡಿದಳು. “ಒಂದ ರಾತ್ರಿಯೊಳಗ ಹಿಂಗ ಹೊಸಾದಾತೇನ್ರಿ? ಇರ್ಲಿ, ನನಗ ಬ್ಯಾಡ. ನಾಳೆನೂ ಇಂಥಾವ ಚಪಾತಿ ಬೇಕು ಅಂದಾರ ರಾಯರು, ಆ ಗಾಲೀಲೇ ಮಾಡ್ತೀನಿ. ಇದನ್ನ ನೀವ ಒಯ್ಯಿರಿ, ಎಲ್ಲ್ಯರ ಉಪಯೋಗಕ್ಕ ಬರ್ತೈತಿ.”

ಉಪಯೋಗಕ್ಕೆ ಬಂತು. ಸುಮಂಗಲಾ ಹೊಸ ಲಟ್ಟಣಿಗೆಯನ್ನು ಬೆಲ್ಟಿಗೆ ಒತ್ತಿ ಕೂರಿಸಿ ಗಾರ್ಡು ಮುಚ್ಚಿದಳು. ಒಂಬತ್ತಕ್ಕೆ ರಾಯರು ಬಿಚ್ಚಿಸಿ ನೋಡುತ್ತಾರೆ. ಇದು ಇಲ್ಲಿಗೆ ಏಕೆ ಬಂತೆಂದು ಹೇಳಹೊರಟರೆ, ಅವರ ಹೊಟ್ಟೆಗೆ ಏನು ಹೋಯಿತೆಂದೂ ಹೇಳಬೇಕಾಗುತ್ತದೆ.

ಲಟ್ಟಣಿಗೆ ಕಂಡರೆ ಕಾಣಲಿ, ಗ್ರೀಸಿನ ಸಂಗತಿ ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ ಕೊನೆಯ ಬೋಲ್ಟು ಬಿಗಿದಳು.