ಹಾಜರಾಗದ ‘ಒಂದು’ ಎಂಬ ಮಗುವಿನ ಕುರಿತು

ಪುನರ್ವಸತಿ ಇಲಾಖೆ
ಸುತ್ತೋಲೆ ಸಂಖ್ಯೆ: ಪುಇ/ವಿಯೆಟ್/ಮಗು-೧/೧೯೭೯

ವಿಷಯ: ಮಲೇಷ್ಯಾ ತೀರದ ದ್ವೀಪ ಶಿಬಿರದಲ್ಲಿರುವ ವಿಯೆಟ್ನಾಂ ನಿರಾಶ್ರಿತೆ ಫುಂಗ್ ಥಿ ಲೂಆ ಅವರ ಚೊಚ್ಚಲ ಮಗು ನಾಪತ್ತೆಯಾಗಿರುವ ಬಗ್ಗೆ.

ಉಲ್ಲೇಖ: ಸಂಪುಟ ಉಪಸಮಿತಿಯ ಮುಂದೂಡಲಾದ ಸಭೆಗಳು (ಎಲ್ಲವೂ).

೧. ಸದರಿ ಲೂಆ ಮೇಕಾಂಗ್ ನದಿ ಬಯಲಿನಿಂದ ದೋಣಿಯಲ್ಲಿ ಬಂದ ವಿಧವೆ. ಇವರು ತಮ್ಮ ಮಕ್ಕಳನ್ನು ‘ಎರಡು’, ‘ಮೂರು’, ‘ನಾಲ್ಕು’ ಎಂದು ಕೂಗುವುದನ್ನು ಶಿಬಿರಾಧಿಕಾರಿ ಖುದ್ದು ಕೇಳಿದ್ದು, ‘ಒಂದು’ ಎಲ್ಲಿಯೂ ಕಂಡುಬಂದಿರುವುದಿಲ್ಲ. ಅದನ್ನು ಹಾಜರುಪಡಿಸುವವರೆಗೆ ಕುಟುಂಬವು ನಮ್ಮ ದೇಶಕ್ಕೆ ಬಂದು ನೆಲೆಸುವ ಪ್ರಯಾಣವನ್ನು ತಡೆಹಿಡಿಯಲಾಗಿದೆ.

೨. ಕುಟುಂಬವೆಂದರೆ ಹೆತ್ತವರು ಮತ್ತು ಮಕ್ಕಳು. ಅಜ್ಜಿ ಎಂಬುದು ನಿಯಮಾವಳಿಯಲ್ಲಿ ಇಲ್ಲದ ಕಾರಣ ‘ಆರು’ ಎಂದು ಕರೆಯಲ್ಪಡುವ ಲೂಆ ಅವರ ತಾಯಿಯನ್ನು ಶಿಬಿರದಲ್ಲೇ ಉಳಿಸತಕ್ಕದ್ದು. ಉಳಿದ ಐವರು ಅಜ್ಜಿಯರ ವಿಚಾರಣೆ ಪ್ರತ್ಯೇಕ. “ಅಮ್ಮನ್ನ ಈ ಮರಳಲ್ಲಿ ಬಿಟ್ಟು ಹೆಂಗ್ ಬರ್ಲಿ ಸಾರ್? ಅಲ್ಲಿ ನಂಗೆ ಅನ್ನ ಗಂಟಲಲ್ಲಿ ಇಳಿಯುತ್ತಾ?” ಎಂದು ಲೂಆ ಅತ್ತಿದ್ದು, ಅಳುವಿಗೆ ನಮೂನೆಯಲ್ಲಿ ಕಲಂ ಇರುವುದಿಲ್ಲ.

೩. ಅಜ್ಜಿಯು ಎಲೆ ಅಡಿಕೆ ಜಗಿಯುತ್ತಾ ನೀಡಿದ ಹೇಳಿಕೆ: “ಚೊಚ್ಚಲು ಮಗೂನ ‘ಒಂದು’ ಅಂತ ಕರೆದ್ರೆ ದೆವ್ವ ಎತ್ಕೊಂಡ್ ಹೋಗುತ್ತೆ ಕಣಪ್ಪ. ಅದಕ್ಕೇ ‘ಎರಡು’ ಅಂತ್ಲೇ ಶುರು ಮಾಡೋದು. ‘ಒಂದು’ ಎಲ್ಲಿ ಅಂತ ಹುಡುಕ್ಕೊಂಡು ಕೂತಿರುತ್ತೆ ಪೆದ್ದು, ನಿನ್ ಥರಾನೇ.” ಕೊನೆಯ ಮಾತನ್ನು ಪ್ರಶಂಸೆಯೆಂದು ಪರಿಗಣಿಸಲಾಗಿದೆ.

೪. ಆಕ್ಷೇಪಣೆ ಸಲ್ಲಿಸಲು ದೆವ್ವಗಳಿಗೆ ಕಾಲಾವಕಾಶ ನೀಡಲಾಗಿತ್ತು. ಒಂದೂ ಹಾಜರಾಗದ ಕಾರಣ ಅಜ್ಜಿಯ ಹೇಳಿಕೆಯನ್ನು ಏಕಪಕ್ಷೀಯವೆಂದು ತಳ್ಳಿಹಾಕಲಾಗಿದೆ.

೫. ಈ ಕಡತ ಮುಗಿಯದೆ ಸಚಿವರು ರಜೆಗೆ ತೆರಳುವಂತಿಲ್ಲ. ಆದ್ದರಿಂದ ‘ಒಂದು’ ಇದೆಯೆಂದೇ ಭಾವಿಸಿ ವಿಮಾನದಲ್ಲಿ ಆಸನ, ಉಣ್ಣೆಯ ಕೋಟು ಮತ್ತು ಹಾಲಿನ ಪುಡಿ ಮಂಜೂರು ಮಾಡಲಾಗಿದೆ. ಆಸನ ಖಾಲಿ ಹೋದಲ್ಲಿ ಲೆಕ್ಕಪರಿಶೋಧಕರು ಸುಮ್ಮನಿರುವುದಿಲ್ಲ. ಖಾಲಿ ಹೋಗಕೂಡದೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

೬. (ಪ್ರಯಾಣದ ನಂತರ ಸೇರಿಸಿದ್ದು) ಮೇಲಿನ ಸೂಚನೆಯಂತೆ, ವಿಮಾನ ಹತ್ತುವಾಗ ‘ಒಂದು’ ಎಂದು ಕೂಗಲಾಗಿ, ಮಗುವೇ “ಬಂದೆ, ಬಂದೆ, ಕೂಗಬೇಡ” ಎಂದು ಓಗೊಟ್ಟಿರುತ್ತದೆ. ಬಾಯಿ ಕೆಂಪು, ಹಲ್ಲು ಕಡಿಮೆ, ತಾಯಿಗಿಂತ ಹೆಚ್ಚು ವಯಸ್ಸಾದಂತೆ ಕಂಡಿದ್ದು, ಇದು ದೋಣಿ ಪ್ರಯಾಣದ ಬಳಲಿಕೆಯೆಂದು ವೈದ್ಯಾಧಿಕಾರಿ ದೃಢೀಕರಿಸಿದ್ದಾರೆ. ಲೂಆ ಆ ಮಗುವಿನ ಕೈಯನ್ನು ವಿಮಾನ ಇಳಿಯುವವರೆಗೂ ಬಿಟ್ಟಿರುವುದಿಲ್ಲ.

ಸಹಿ/- (ಓದಲಾಗದು)
ಅಧೀನ ಕಾರ್ಯದರ್ಶಿ, ಮಕ್ಕಳ ಎಣಿಕೆ

ಪ್ರತಿಗಳು:
ದೆವ್ವಗಳಿಗೆ, ವಿಳಾಸ ದೊರೆತ ನಂತರ.
ಉಗ್ರಾಣಕ್ಕೆ, ಮಗು ಹಾಲಿನ ಪುಡಿ ಹಿಂದಿರುಗಿಸಿ ವೀಳ್ಯದೆಲೆ ಕೇಳಿರುವ ಬಗ್ಗೆ.
ಶಿಬಿರಾಧಿಕಾರಿಗೆ, ಅಂದಿನಿಂದ ಕಾಣೆಯಾಗಿರುವ ‘ಆರು’ ಅಜ್ಜಿಯನ್ನು ಹುಡುಕಲು. ಅವಸರವಿಲ್ಲ.