ವಿಂಡ್‌ಮಿಲ್, ಗಣಪ, ಅಳಿಲು

ಮರ ಕತ್ತರಿಸುವುದು ಅಂಥ ಕಷ್ಟವಲ್ಲ. ಕತ್ತರಿಸಿದ್ದನ್ನು ಯಾರು ಕೊಳ್ಳುತ್ತಾರೆ ಎಂದು ಯೋಚಿಸಲು ಕೂತಾಗಲೆಲ್ಲ ನನಗೆ ಏನಾದರೊಂದು ಆಗುತ್ತದೆ.

ನಾನು ರಸಾಯನಶಾಸ್ತ್ರ ಓದಿದವನು. ಹಾಲೆಂಡಿನ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ, ಒಂದು ಬಣ್ಣದ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಅಕ್ಕ-ಭಾವನ ಫ್ಲ್ಯಾಟಿನಲ್ಲಿ ವಾಸ. ಹವ್ಯಾಸಕ್ಕೆಂದು ಒಂದು ಹಳೆಯ ಸ್ಕ್ರೋಲ್ ಸಾ ಕೊಂಡೆ. ನೋಡಲು ಹೊಲಿಗೆ ಮೆಷಿನ್ ಇದ್ದ ಹಾಗೆ. ಸೂಜಿಯ ಜಾಗದಲ್ಲಿ ದಾರದಷ್ಟು ತೆಳ್ಳಗಿನ ಗರಗಸ ಮೇಲೆ ಕೆಳಗೆ ಆಡುತ್ತಿರುತ್ತದೆ. ಹಲಗೆಯನ್ನು ತಿರುಗಿಸುತ್ತಾ ಹೋದರೆ ಹೂವು, ಹಕ್ಕಿ, ಜಾಲರಿ ಏನು ಬೇಕಾದರೂ ಬರುತ್ತದೆ. ಜೊತೆಗೆ ಧೂಳೂ ಬರುತ್ತದೆ.

ಮೆಷಿನ್ ಇಟ್ಟಿದ್ದು ಬರ್ಗಿಂಗ್‌ನಲ್ಲಿ, ಅಂದರೆ ಫ್ಲ್ಯಾಟಿನ ಕೆಳಗೆ ಪ್ರತಿ ಮನೆಗೂ ಕೊಡುವ ಸಾಮಾನಿನ ಕೋಣೆಯಲ್ಲಿ. ಅಲ್ಲಿ ಅಕ್ಕನ ಸೋನಾ ಮಸೂರಿ ಚೀಲಗಳೂ ಇದ್ದವು. ಒಂದು ದಿನ ಅನ್ನದಲ್ಲಿ ಬರ್ಚ್ ಮರದ ಪರಿಮಳ ಬಂತು. ಅಕ್ಕ ತಟ್ಟೆ ಸರಿಸಿದಳು.

"ನೋಡೋ, ಕ್ರಿಸ್‌ಮಸ್ ಸಂತೆ ಮುಗಿಯೋದರೊಳಗೆ ಜನ ಹುಡುಕ್ಕೊಂಡು ಬರೋ ಅಂಥ ಒಂದೇ ಒಂದು ಸಾಮಾನು ಮಾಡಿ ತೋರಿಸು. ಇಲ್ದಿದ್ರೆ ನಿನ್ನ ಮೆಷಿನ್ ಹೊರಗೆ, ನನ್ನ ಗ್ರೈಂಡರ್ ಒಳಗೆ."

ಭಾವ ಮೊಸರನ್ನ ಕಲಸುವುದರಲ್ಲಿ ಮಗ್ನರಾದರು.

ವಿಂಡ್‌ಮಿಲ್

ಊರಿನ ಕೈಕೆಲಸದ ಸಂತೆಯಲ್ಲಿ ಒಂದು ಮೇಜು ಹಿಡಿದೆ. ಮೊದಲ ಸಂತೆಗೆ ತರ್ಕಬದ್ಧವಾಗಿ ಯೋಚಿಸಿದೆ. ಹಾಲೆಂಡ್ ಅಂದರೆ ವಿಂಡ್‌ಮಿಲ್. ಆದ್ದರಿಂದ ಮೇಜಿನ ತುಂಬ ವಿಂಡ್‌ಮಿಲ್.

ಮಧ್ಯಾಹ್ನದವರೆಗೆ ಒಬ್ಬರೂ ನಿಲ್ಲಲಿಲ್ಲ. ಕೊನೆಗೆ ಒಬ್ಬ ಅಜ್ಜ ನಿಂತ. ಒಂದನ್ನು ಎತ್ತಿ, ಅಂಚಿನ ಮೇಲೆ ಬೆರಳಾಡಿಸಿ, "ಕೆಲಸ ಚೆನ್ನಾಗಿದೆ. ನೀವು ಎಲ್ಲಿಯವರು?" ಎಂದ.

"ಬೆಂಗಳೂರಿನ ಹತ್ತಿರ."

"ಅಲ್ಲಿ ಮೂರು ಗಾಲಿಯ ಟ್ಯಾಕ್ಸಿ ಇದೆಯಲ್ಲ?"

"ಆಟೋ. ಬೇಕಾದಷ್ಟಿವೆ."

"ನಿಮ್ಮ ಮನೆಯ ಗೋಡೆಗೆ ಮರದ ಆಟೋ ನೇತುಹಾಕಿದ್ದೀರಾ?"

"ಇಲ್ಲ. ಯಾಕೆ ಹಾಕಬೇಕು?"

"ಅದೇ," ಎಂದು ವಿಂಡ್‌ಮಿಲ್ ಕೆಳಗಿಟ್ಟು ಹೋದ.

ಮುಂದಿನ ಸಂತೆಗೆ ಆಟೋ ಮಾಡಿಟ್ಟೆ. ಅದೇ ಅಜ್ಜ ಬಂದು ಮೊಮ್ಮಗಳಿಗೆಂದು ಒಂದು ಕೊಂಡ. ಆತನೊಬ್ಬನೇ. ವಿಂಡ್‌ಮಿಲ್‌ಗಳನ್ನೆಲ್ಲ ಅಕ್ಕ ರಜೆಗೆ ಹೋದಾಗ ತುಮಕೂರಿನ ನೆಂಟರಿಗೆ ಹಂಚಿಬಂದಳು. ಎಲ್ಲರಿಗೂ ಇಷ್ಟವಾಯಿತಂತೆ. ದೊಡ್ಡಮ್ಮ ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರಂತೆ: "ಟೇಬಲ್ ಫ್ಯಾನ್ ಚೆನ್ನಾಗಿದೆ ಕಣೇ. ಸ್ವಿಚ್ ಎಲ್ಲಿ?"

ದಂತ

ಇಲ್ಲಿನವರ ವಸ್ತು ಇಲ್ಲಿನವರಿಗೆ ಬೇಡ ಎಂದು ತಿಳಿದ ಮೇಲೆ ನಮ್ಮ ಕಡೆಯದನ್ನು ಪರೀಕ್ಷಿಸಲು ಹೊರಟೆ. ಗಣಪ ಮಾಡಿದೆ. ಏಕದಂತನಾದ್ದರಿಂದ ಒಂದು ದಂತ ಪೂರ್ತಿ, ಇನ್ನೊಂದು ತುಂಡು.

ನನ್ನ ಪಕ್ಕದ ಮೇಜಿನಲ್ಲಿ ಪ್ರತಿ ಸಂತೆಗೂ ಉಣ್ಣೆಯ ಕಾಲುಚೀಲ ಮಾರುವ ಒಬ್ಬ ಡಚ್ ಅಜ್ಜಿ ಕೂರುತ್ತಾರೆ. ಕಾಫಿ ತರಲು ಹೋದಾಗ ಒಬ್ಬರ ಮೇಜನ್ನು ಇನ್ನೊಬ್ಬರು ನೋಡಿಕೊಳ್ಳುವುದು ನಮ್ಮ ವಾಡಿಕೆ. ಆ ದಿನ ಕಾಫಿಯ ಸಾಲು ಉದ್ದವಿತ್ತು. ಮರಳಿ ಬರುವಷ್ಟರಲ್ಲಿ ಅಜ್ಜಿ ನನ್ನ ಗೋಂದಿನ ಡಬ್ಬಿ ತೆರೆದುಕೊಂಡು ಕೂತಿದ್ದರು. ನನ್ನ ಚೀಲದಲ್ಲಿದ್ದ ಮರದ ಚೂರುಗಳನ್ನು ಚಾಕುವಿನಿಂದ ಕೆತ್ತಿ, ಸಾಲಾಗಿ ಎಲ್ಲ ಗಣಪಗಳಿಗೂ ಎರಡನೆಯ ದಂತ ಅಂಟಿಸುತ್ತಿದ್ದರು. ಕೆಲಸ ಬಹಳ ಅಚ್ಚುಕಟ್ಟಾಗಿತ್ತು.

"ಗಾಬರಿ ಬೇಡ ಮಗೂ," ಎಂದರು, ದನಿ ತಗ್ಗಿಸಿ. "ಬರುವಾಗ ಪೆಟ್ಟಿಗೆ ಬಿದ್ದಿರಬೇಕು. ಎಲ್ಲದಕ್ಕೂ ಒಂದೇ ಕಡೆ ಮುರಿದಿದೆ. ಯಾರಿಗೂ ಹೇಳುವುದಿಲ್ಲ."

ಅಷ್ಟು ಪ್ರೀತಿಯಿಂದ ಮಾಡಿದ್ದಕ್ಕೆ ಪುರಾಣ ಹೇಳುವುದು ಹೇಗೆ? ಥ್ಯಾಂಕ್ಸ್ ಹೇಳಿದೆ. ಮನೆಗೆ ತಂದು ಎಲ್ಲವನ್ನೂ ಮತ್ತೆ ಮುರಿದೆ. ಒಂದು ಮಾತ್ರ ಕಣ್ತಪ್ಪಿ ಉಳಿಯಿತು. ಅದು ಕನ್ನಡದವರ ದೀಪಾವಳಿ ಕೂಟದಲ್ಲಿ, ಅಲ್ಲಿನ ಹಿರಿಯರೊಬ್ಬರ ಕೈಗೇ ಸಿಗಬೇಕೇ!

"ಏನಪ್ಪಾ ಇದು? ಗಣಪನಿಗೆ ಎರಡೂ ದಂತ ಇದೆಯಲ್ಲ?"

ಬಾಯಿಗೆ ಬಂದದ್ದು ಹೇಳಿದೆ: "ಇದು ಮುರಿಯೋದಕ್ಕೆ ಮುಂಚಿನದು ಸಾರ್."

ಅಪರೂಪದ್ದು ಎಂದು ಕೊಂಡುಹೋದರು.

ಯಾರ ಹೆಸರು ಮೇಲೆ

ಅದೇ ಕೂಟದಲ್ಲಿ ಬೈಟನ್‌ವೆಲ್ಡರ್ಟ್ ಬಡಾವಣೆಯ ಒಬ್ಬರು ಬಾಗಿಲಿಗೆ ನಾಮಫಲಕ ಬೇಕೆಂದರು. ಮೇಲೆ ಅವರ ಹೆಸರು, ಕೆಳಗೆ ಹೆಂಡತಿಯದು, ಕನ್ನಡ ಅಕ್ಷರದಲ್ಲಿ. ಕನ್ನಡದ ಒತ್ತಕ್ಷರ ಕತ್ತರಿಸುವುದೆಂದರೆ ಉಸಿರು ಬಿಗಿಹಿಡಿದು ಮಾಡುವ ಕೆಲಸ. ಒಪ್ಪಿದೆ. ಮರುದಿನ ಅವರ ಹೆಂಡತಿಯ ಫೋನ್.

"ಬಾಡಿಗೆ ಮನೆ ಹುಡುಕಿದ್ದು ನಾನು. ಅವರ ಹೆಸರು ಮೇಲೆ ಯಾಕೆ ಬರ್ಬೇಕು?"

"ಅಕ್ಕಪಕ್ಕ ಹಾಕಲಾ ಮೇಡಂ?"

"ಆಗಲೂ ಎಡಗಡೆಯವರು ಮೊದಲು ಆಗ್ತಾರಲ್ವಾ?"

ಯೋಚಿಸಿ ಗುಂಡಗಿನ ಫಲಕ ಮಾಡಿದೆ. ಒಂದು ಹೆಸರು ಮೇಲಿನ ಅರ್ಧದಲ್ಲಿ ನೇರವಾಗಿ, ಇನ್ನೊಂದು ಕೆಳಗಿನ ಅರ್ಧದಲ್ಲಿ ತಲೆಕೆಳಗಾಗಿ. ಎರಡೂ ಕಡೆ ಮೊಳೆಗೆ ತೂತು. ತಿರುಗಿಸಿ ಹಾಕಿದರೆ ಇನ್ನೊಬ್ಬರು ಮೇಲೆ. ಇಬ್ಬರಿಗೂ ಒಪ್ಪಿಗೆಯಾಯಿತು. ಒಂದು ತಿಂಗಳು ಅವರದು, ಒಂದು ತಿಂಗಳು ಇವರದು.

ಈಗ ಫೆಬ್ರವರಿ ಯಾರಿಗೆ ಎಂಬುದರ ಬಗ್ಗೆ ಮಾತುಕತೆ ನಡೆದಿದೆ.

ಅಳಿಲು

ಈ ಕತೆ ಚಿಕ್ಕದು. ಗೋಡೆಗೆ ಹಾಕುವ ಅಳಿಲಿನ ಹಲಗೆಗಳನ್ನು ಮಾಡಿದ್ದೆ. ಬಾಲದಲ್ಲಿ ಕೂದಲು ಕೂದಲಾಗಿ ಕತ್ತರಿಸಿದ ಜಾಲರಿ. ಒಬ್ಬಾಕೆ ಬಂದು ಎಲ್ಲ ಕೋನದಿಂದ ಫೋಟೋ ತೆಗೆದಳು.

"ಬಹಳ ಚಂದ ಇದೆ. ನಮ್ಮ ಭಾವ ಇದನ್ನು ಮನೆಯಲ್ಲೇ ಮಾಡಿಬಿಡ್ತಾನೆ," ಎಂದು ಹೋದಳು.

ಮುಂದಿನ ಸಂತೆಗೆ ಆಕೆಯ ಭಾವನೇ ಬಂದ. ಹೆಬ್ಬೆರಳಿಗೆ ದಪ್ಪನೆಯ ಬ್ಯಾಂಡೇಜ್. ಯಾವ ಬ್ಲೇಡ್, ಯಾವ ಪ್ಲೈವುಡ್ ಎಂದು ಏನೂ ಕೇಳಲಿಲ್ಲ. ಎಡಗೈಯಿಂದ ಪರ್ಸ್ ತೆಗೆದ.

"ಆ ಅಳಿಲು ಕೊಡಿ. ನಾನು ಕೊಂಡೆ ಅಂತ ಯಾರಿಗೂ ಹೇಳಬೇಡಿ."

ಬಾಗಿಲು

ಚಳಿಗಾಲ ಹತ್ತಿರ ಬಂತು. ಜನ ಹುಡುಕಿಕೊಂಡು ಬರುವ ಸಾಮಾನು ಇನ್ನೂ ಹುಟ್ಟಿರಲಿಲ್ಲ. ಅಕ್ಕ ಬರ್ಗಿಂಗ್‌ಗೆ ಬಂದು ಗ್ರೈಂಡರ್ ಇಡುವ ಜಾಗವನ್ನು ಟೇಪಿನಿಂದ ಅಳೆದು ಹೋಗಿದ್ದಳು.

ಕಾಲುಚೀಲದ ಅಜ್ಜಿಯನ್ನೇ ಕೇಳಿದೆ. "ನಿಮ್ಮವರ ಪ್ರತಿ ಮನೆಯಲ್ಲೂ ಇರಲೇಬೇಕಾದ ವಸ್ತು ಯಾವುದು?"

ಅಜ್ಜಿ ಹೆಣಿಗೆ ನಿಲ್ಲಿಸಲೂ ಇಲ್ಲ. "ಹುಟ್ಟುಹಬ್ಬದ ಕ್ಯಾಲೆಂಡರ್. ಅದಿಲ್ಲದ ಮನೆಯಿಲ್ಲ. ಒಬ್ಬರ ಹುಟ್ಟುಹಬ್ಬ ಮರೆತರೆ ಆಯಿತು, ಸಂಬಂಧ ಮುಗಿಯಿತು."

ಎಲ್ಲಿ ಹಾಕುತ್ತಾರೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಉದ್ದನೆಯ ಹಲಗೆ, ಕೆಳಗೆ ತಿಂಗಳಿಗೊಂದು ಕೊಕ್ಕೆ, ಕೊಕ್ಕೆಗೆ ಹೆಸರು ಬರೆಯುವ ಪುಟ್ಟ ಬಿಲ್ಲೆಗಳು. ಮೇಲೆ ಏನಾದರೂ ಚಿತ್ತಾರ ಬೇಕಿತ್ತು. ಅಕ್ಕ ಸುಮ್ಮನಿರಲಾರದೆ ಪೆನ್ಸಿಲ್ ಕಸಿದುಕೊಂಡಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ್ತಿಲಿಂದ ಒಳಕ್ಕೆ ಬರೆಯುತ್ತಾರಲ್ಲ, ಲಕ್ಷ್ಮಿಯ ಪುಟ್ಟ ಪಾದಗಳು, ಅವನ್ನು ಎಡದಿಂದ ಬಲಕ್ಕೆ ನಡೆದು ಹೋಗುವಂತೆ ಸಾಲಾಗಿ ಬರೆದಳು.

"ಎಷ್ಟು ಮನೆಗೆ ನಮ್ಮ ಲಕ್ಷ್ಮಿ ಹೋಗ್ತಾಳೆ ನೋಡು," ಎಂದಳು. ಅವಳಿಗೇ ಕಣ್ಣು ತುಂಬಿತ್ತು.

ಕ್ಯಾಲೆಂಡರ್‌ಗಳು ಮಾರಾಟವಾದವು. ಕ್ರಿಸ್‌ಮಸ್ ಸಂತೆಗೆ ಅಕ್ಕ ತಾನೇ ಬಂದು ಮೇಜಿನ ಹಿಂದೆ ಕೂತಳು, ತೀರ್ಪು ಕೊಡಲು. ಸ್ವಲ್ಪ ಹೊತ್ತಿಗೆ ಹಿಂದಿನ ಸಂತೆಯಲ್ಲಿ ಕೊಂಡಿದ್ದ ಒಬ್ಬಾತ ಜನರನ್ನು ಸರಿಸಿಕೊಂಡು ಬಂದ.

"ಅಬ್ಬಾ, ಸಿಕ್ಕಿದಿರಿ! ಎಲ್ಲ ಸಾಲೂ ಹುಡುಕಿದೆ. ನನ್ನ ತಂಗಿಗೂ ಒಂದು ಬೇಕು."

ನಾನು ಅಕ್ಕನ ಮುಖ ನೋಡಿದೆ. ಅವಳು ನಗುತ್ತಿದ್ದಳು. ಮೆಷಿನ್ ಉಳಿಯಿತು ಅಂದುಕೊಂಡೆ.

"ನಮ್ಮ ಮನೆಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ," ಎಂದು ಆತ ಫೋನು ತೆಗೆದ.

ಫೋಟೋದಲ್ಲಿ ಕ್ಯಾಲೆಂಡರ್ ಇತ್ತು. ಲಕ್ಷ್ಮಿಯ ಪಾದಗಳಿದ್ದವು. ಪಕ್ಕದಲ್ಲಿ ಟಾಯ್ಲೆಟ್ ಪೇಪರಿನ ಸುರುಳಿಯೂ ಇತ್ತು.

"ಇದು... ಟಾಯ್ಲೆಟ್?" ಎಂದೆ.

"ಮತ್ತೆಲ್ಲಿ?" ಆತನಿಗೇ ಆಶ್ಚರ್ಯ. "ಹುಟ್ಟುಹಬ್ಬದ ಕ್ಯಾಲೆಂಡರ್ ಎಲ್ಲರೂ ಅಲ್ಲೇ ಹಾಕೋದು. ದಿನಾ ಕೂರಲೇಬೇಕು, ನೋಡಲೇಬೇಕು. ಮರೆಯೋ ಪ್ರಶ್ನೆಯೇ ಇಲ್ಲ."

ಪಕ್ಕದಿಂದ ಅಜ್ಜಿ ಹೌದೆಂದು ತಲೆಯಾಡಿಸಿದರು. ಅಕ್ಕನ ಮುಖ ಬಿಳಿಚಿಕೊಂಡಿತು. ಮಾರಿದ ಒಂದೊಂದು ಕ್ಯಾಲೆಂಡರೂ ಅವಳ ಕಣ್ಣ ಮುಂದೆ ಹಾದುಹೋಗುತ್ತಿದ್ದುದು ನನಗೂ ಕಾಣುತ್ತಿತ್ತು. ಮನಸ್ಸಿನಲ್ಲೇ ನಾನು ಮೆಷಿನ್ನಿನ ಸ್ಕ್ರೂ ಬಿಚ್ಚತೊಡಗಿದೆ.

ಅಕ್ಕ ಎದ್ದು ನಿಂತಳು. ತಾನು ಕಲಿತ ಡಚ್ ಭಾಷೆಯನ್ನೆಲ್ಲ ಒಟ್ಟುಗೂಡಿಸಿ, ಬಹಳ ಗಂಭೀರವಾಗಿ ಕೇಳಿದಳು:

"ಕ್ಯಾಲೆಂಡರ್ ಕಡೆ ಮುಖ ಮಾಡಿದರೆ ನಿಮ್ಮ ಟಾಯ್ಲೆಟ್ಟಿನ ಬಾಗಿಲು ಯಾವ ಕಡೆ?"

ಆತ ಪ್ರಾಮಾಣಿಕ ಮನುಷ್ಯ. ಸಂತೆಯ ನಡುವೆಯೇ ಮೊಣಕಾಲು ಬಗ್ಗಿಸಿ ಗಾಳಿಯಲ್ಲಿ ಕೂತ. ಮುಖವನ್ನು ಎಡಕ್ಕೆ, ಇಲ್ಲದ ಗೋಡೆಯ ಕಡೆ ತಿರುಗಿಸಿದ. ಯೋಚಿಸಿ ಕೈ ಚಾಚಿದ.

"ಬಲಗಡೆ."

ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಕುಸಿದು ಕೂತಳು.

"ಸದ್ಯ! ಲಕ್ಷ್ಮಿ ಹೊರಗೆ ಬರ್ತಿದಾಳೆ."

ಆಮೇಲೆ ಆತನ ತಂಗಿಗೆ ಫೋನ್ ಮಾಡಿಸಿದಳು. ಆಕೆಯ ಬಾಗಿಲು ಎಡಗಡೆ. ಅಕ್ಕ ಕ್ಯಾಲೆಂಡರನ್ನು ಆತನ ಕೈಯಿಂದ ವಾಪಸ್ ಕಿತ್ತುಕೊಂಡು ನನ್ನತ್ತ ತಿರುಗಿದಳು: "ಪಾದ ಆ ಕಡೆ ಹೋಗೋ ಥರ ಇನ್ನೊಂದು ಮಾಡಿಕೊಡು. ಗ್ರೈಂಡರ್ ಅಡುಗೆಮನೆಯಲ್ಲೇ ಇರಲಿ ಬಿಡು."

ಈಗ ನಮ್ಮಲ್ಲಿ ಎರಡು ಬಗೆಯ ಕ್ಯಾಲೆಂಡರ್ ಸಿಗುತ್ತವೆ, ಎಡಬಾಗಿಲಿನದು ಮತ್ತು ಬಲಬಾಗಿಲಿನದು. ಪ್ರತಿ ಸಂತೆಗೂ ಅಕ್ಕ ಬರುತ್ತಾಳೆ, ಬಾಗಿಲು ವಿಚಾರಿಸದೆ ಒಂದನ್ನೂ ಕೊಡುವುದಿಲ್ಲ. ಗಿರಾಕಿಗಳು ಸಾಲಾಗಿ ಗಾಳಿಯಲ್ಲಿ ಕೂತು ಉತ್ತರ ಹೇಳುತ್ತಾರೆ. ಇಷ್ಟು ಕಾಳಜಿಯಿಂದ ಮಾರುವವರನ್ನು ಎಲ್ಲೂ ಕಂಡಿಲ್ಲ ಎಂದು ಇನ್ನೊಬ್ಬರನ್ನು ಕರೆತರುತ್ತಾರೆ.

ಕಳೆದ ಸಂತೆಯಲ್ಲಿ ಒಬ್ಬ ಹೆಂಗಸು ಮಾತ್ರ ಅಕ್ಕನನ್ನು ಕಂಗಾಲು ಮಾಡಿದಳು.

"ನಾನು ಗೋಡೆಗೆ ಹಾಕಲ್ಲ. ಬಾಗಿಲ ಮೇಲೇ ಹಾಕ್ತೀನಿ, ಒಳಗಡೆ."

ಅಕ್ಕ ಎಡಗಡೆಯದನ್ನು ನೋಡಿದಳು, ಬಲಗಡೆಯದನ್ನು ನೋಡಿದಳು. ಕಣ್ಣು ಮುಚ್ಚಿ, ಬೆರಳಿನಿಂದ ಗಾಳಿಯಲ್ಲಿ ಬಾಗಿಲನ್ನು ತೆರೆದು ಮುಚ್ಚಿದಳು. ಕೊನೆಗೆ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು:

"ಇವರಿಗೆ ಅಳಿಲು ಕೊಡು."